ರಾತ್ರಿ ಮುಗಿಯದ ಟೇಪ್ ಬ್ಯಾಕಪ್: ಹೊಸ ಡ್ರೈವ್ ಕೊಳ್ಳುವ ಮೊದಲು ಏನು ನೋಡಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಒಂದು ಕಂಪನಿಯಲ್ಲಿ ಡೇಟಾಬೇಸ್ ಅಡ್ಮಿನ್. ನಮ್ಮ ಮುಖ್ಯ ಒರಾಕಲ್ ಡೇಟಾಬೇಸ್ ಎರಡು ವರ್ಷದ ಹಿಂದೆ 4 ಟಿಬಿ ಇತ್ತು, ಈಗ 9 ಟಿಬಿ ಆಗಿದೆ. ದಿನಾ ರಾತ್ರಿ 10ಕ್ಕೆ ಆರ್‌ಮ್ಯಾನ್‌ನಲ್ಲಿ (ಒರಾಕಲ್‌ನದೇ ಬ್ಯಾಕಪ್ ಟೂಲ್) ಫುಲ್ ಬ್ಯಾಕಪ್ ಶುರು ಮಾಡುತ್ತೇವೆ. ಡೇಟಾ ಮೀಡಿಯಾ ಸರ್ವರ್ (ಟೇಪಿಗೆ ಬರೆಯುವ ಸರ್ವರ್) ಮೂಲಕ ಟೇಪ್ ಲೈಬ್ರರಿಗೆ ಹೋಗುತ್ತದೆ. ಅದರಲ್ಲಿ ಎರಡು ಫುಲ್-ಹೈಟ್ ಎಲ್‌ಟಿಓ-8 (ಎಲ್‌ಟಿಓ ಮಾದರಿಯ ಎಂಟನೇ ತಲೆಮಾರಿನ) ಟೇಪ್ ಡ್ರೈವ್ ಇವೆ, ಡ್ರೈವ್‌ಗೆ ಒಂದರಂತೆ ಎರಡು ಚಾನೆಲ್ (ಆರ್‌ಮ್ಯಾನ್ ಡೇಟಾ ಕಳಿಸುವ ದಾರಿ). ಬೆಳಿಗ್ಗೆ 6ಕ್ಕೆ ಮುಗಿಯಬೇಕಾದ ಕೆಲಸ ಈಗ 11ಕ್ಕೆ ಮುಗಿಯುತ್ತಿದೆ. ಆಫೀಸ್ ಶುರುವಾದ ಮೇಲೆ ಎಲ್ಲರಿಗೂ ಸಿಸ್ಟಮ್ ನಿಧಾನ. ಆರ್‌ಮ್ಯಾನ್‌ನಲ್ಲಿ ಕಂಪ್ರೆಷನ್ ಹಾಕಿ ನೋಡಿದೆ, 13 ಗಂಟೆಯ ಕೆಲಸ 19 ಗಂಟೆ ಆಯಿತು! ಆದರೆ ಸಿಪಿಯು ಗ್ರಾಫ್ 15 ಪರ್ಸೆಂಟ್ ಕೂಡ ದಾಟಲಿಲ್ಲ. ಮಾರಾಟಗಾರರು ಎಲ್‌ಟಿಓ-9 ಡ್ರೈವ್ ತಗೊಳ್ಳಿ ಅನ್ನುತ್ತಾರೆ. ನಮ್ಮ ಮ್ಯಾನೇಜರ್ ಟೇಪನ್ನೇ ಬಿಟ್ಟುಬಿಡೋಣ ಅನ್ನುತ್ತಾರೆ. ಸಹೋದ್ಯೋಗಿಯೊಬ್ಬರು ಚಾನೆಲ್ ಎಂಟು ಮಾಡಿ ಸಾಕು ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಬೆರೆತಿವೆ. ಇವತ್ತಿನ ಬ್ಯಾಕಪ್ ಬೆಳಿಗ್ಗೆ 6ರೊಳಗೆ ಮುಗಿಯಬೇಕು ಅನ್ನೋದು ಒಂದು. ಡೇಟಾಬೇಸ್ ಹೀಗೇ ಬೆಳೆಯುತ್ತಾ ಹೋದರೆ ಮುಂದೇನು ಅನ್ನೋದು ಇನ್ನೊಂದು. ಎರಡಕ್ಕೂ ದಾರಿ ಇದೆ. ಆದರೆ ನಿಮಗೆ ಸಲಹೆ ಕೊಟ್ಟ ಮೂವರಲ್ಲಿ ಯಾರೂ ಇನ್ನೂ ಅಳತೆ ಮಾಡಿಲ್ಲ. ಮೊದಲು ನೀವೇ ಕೊಟ್ಟ ಅಂಕಿಗಳಿಂದ ಲೆಕ್ಕ ಹಾಕೋಣ.

9 ಟಿಬಿ ಅಂದರೆ 90 ಲಕ್ಷ ಎಂಬಿ. ಅದು 13 ಗಂಟೆಯಲ್ಲಿ ಹೋಗುತ್ತಿದೆ ಅಂದರೆ ಸೆಕೆಂಡಿಗೆ ಸುಮಾರು 192 ಎಂಬಿ, ಒಂದು ಡ್ರೈವ್‌ಗೆ 96. ಈಗ ಡ್ರೈವ್‌ನ ಶಕ್ತಿ ನೋಡಿ. ಫುಲ್-ಹೈಟ್ ಎಲ್‌ಟಿಓ-8 ಡ್ರೈವ್ ಕಂಪ್ರೆಷನ್ ಇಲ್ಲದೆಯೇ ಸೆಕೆಂಡಿಗೆ 360 ಎಂಬಿ ಬರೆಯಬಲ್ಲದು. ಎರಡು ಸೇರಿದರೆ 720. ಆ ವೇಗದಲ್ಲಿ ನಿಮ್ಮ 9 ಟಿಬಿ ಮೂರೂವರೆ ಗಂಟೆಯಲ್ಲಿ ಮುಗಿಯಬೇಕು. ಎಂಟು ಗಂಟೆಯಲ್ಲಿ ಮುಗಿಸೋಕೆ ಬೇಕಾಗಿರೋದು ಸೆಕೆಂಡಿಗೆ 313 ಎಂಬಿ ಮಾತ್ರ, ಅಂದರೆ ಈಗಿರುವ ಡ್ರೈವ್‌ಗಳ ಅರ್ಧ ಶಕ್ತಿಯೂ ಬೇಡ. ನಾಳೆ ಡೇಟಾಬೇಸ್ 18 ಟಿಬಿ ಆದರೂ 625 ಸಾಕು. ಅದೂ ಈ ಎರಡು ಡ್ರೈವ್‌ಗಳ ಮಿತಿಯೊಳಗೇ ಇದೆ.

ಹಾಗಾಗಿ ಎಲ್‌ಟಿಓ-9 ಮಾತು ಸದ್ಯಕ್ಕೆ ಪಕ್ಕಕ್ಕಿಡಿ. ಆ ಡ್ರೈವ್ ಸೆಕೆಂಡಿಗೆ 400 ಎಂಬಿ ಬರೆಯುತ್ತದೆ, ಟೇಪ್ ಒಂದಕ್ಕೆ 18 ಟಿಬಿ ಹಿಡಿಯುತ್ತದೆ, ಒಳ್ಳೆಯ ಡ್ರೈವೇ. ಆದರೆ 360 ಬರೆಯಬಲ್ಲ ಡ್ರೈವ್‌ಗೆ 96 ಮಾತ್ರ ಸಿಗುತ್ತಿದ್ದರೆ, 400 ಬರೆಯಬಲ್ಲ ಡ್ರೈವ್‌ಗೂ ಸಿಗೋದು ಅದೇ 96. ಹೊಸ ಡ್ರೈವ್ ಬಂದ ಮೇಲೂ ಬ್ಯಾಕಪ್ 11ಕ್ಕೇ ಮುಗಿಯುತ್ತದೆ.

ಇನ್ನೂ ಕೆಟ್ಟದ್ದು ಒಂದಿದೆ. ಟೇಪ್ ಡ್ರೈವ್‌ಗೆ ಕಡಿಮೆ ಡೇಟಾ ಸಿಕ್ಕರೆ ಅದು ಸುಮ್ನೆ ನಿಧಾನವಾಗಿ ಓಡುವುದಿಲ್ಲ. ಟೇಪ್ ಹೆಡ್ಡಿನ ಮುಂದೆ ಸೆಕೆಂಡಿಗೆ ಹಲವು ಮೀಟರ್ ವೇಗದಲ್ಲಿ ಓಡಬೇಕು. ಡೇಟಾ ಕಡಿಮೆ ಬಂದರೆ ಡ್ರೈವ್ ಒಂದು ಮಟ್ಟದವರೆಗೆ ತನ್ನ ವೇಗ ಇಳಿಸಿಕೊಳ್ಳುತ್ತದೆ. ಎಲ್‌ಟಿಓ-8ರಲ್ಲಿ ಆ ಮಟ್ಟ ಸೆಕೆಂಡಿಗೆ ಸರಿಸುಮಾರು 100ರಿಂದ 110 ಎಂಬಿ. ಅದಕ್ಕಿಂತ ಕೆಳಗೆ ಇಳಿದರೆ ಡ್ರೈವ್‌ನ ಬಫರ್ ಖಾಲಿ ಆಗುತ್ತದೆ. ಟೇಪ್ ನಿಲ್ಲಬೇಕು. ಓಡುತ್ತಿರುವ ಟೇಪ್ ಇದ್ದಲ್ಲೇ ನಿಲ್ಲಲ್ಲ, ಮುಂದೆ ಹೋಗಿ ನಿಲ್ಲುತ್ತದೆ. ಆಮೇಲೆ ಹಿಂದಕ್ಕೆ ಸುತ್ತಿಕೊಂಡು, ಮತ್ತೆ ವೇಗ ಹಿಡಿದು, ಬರೆದು ನಿಲ್ಲಿಸಿದ ಜಾಗದಿಂದ ಶುರು ಮಾಡಬೇಕು. ಪ್ರತಿ ಸಲವೂ ಕೆಲವು ಸೆಕೆಂಡ್ ಹಾಳು. ಇದನ್ನು ಶೂ-ಶೈನಿಂಗ್ ಅನ್ನುತ್ತಾರೆ. ವೇಗ ಬೀಳುವುದರ ಜೊತೆಗೆ ಟೇಪೂ ಹೆಡ್ಡೂ ಸವೆಯುತ್ತವೆ.

ನಿಮ್ಮ 96 ಆ ಮಟ್ಟಕ್ಕಿಂತ ಕೆಳಗಿದೆ. ಡ್ರೈವ್ ತಾನೇ ಕಂಪ್ರೆಸ್ ಮಾಡುತ್ತಿದ್ದರೆ ಇನ್ನೂ ಕೆಳಗೆ. ಡೇಟಾ ಅರ್ಧಕ್ಕೆ ಕುಗ್ಗಿದರೆ ಟೇಪ್ ಮೇಲೆ ನಿಜವಾಗಿ ಬೀಳುವುದು 48 ಎಂಬಿ! ಡ್ರೈವ್‌ನ ಕಂಪ್ರೆಷನ್ ಆನ್ ಇದ್ದಾಗ ಅದಕ್ಕೆ ಎರಡರಷ್ಟು ಡೇಟಾ ಉಣಿಸಬೇಕು ಅನ್ನೋದನ್ನು ತುಂಬಾ ಜನ ಮರೆಯುತ್ತಾರೆ. ರಾತ್ರಿ ಒಮ್ಮೆ ಸರ್ವರ್ ರೂಮಿಗೆ ಹೋಗಿ ಲೈಬ್ರರಿ ಪಕ್ಕ ನಿಂತು ಕಿವಿಗೊಡಿ. ಸರಿಯಾಗಿ ಓಡುವ ಡ್ರೈವ್ ಒಂದೇ ಸಮನೆ ಗುಂಯ್ ಅನ್ನುತ್ತದೆ, ಟೇಪಿನ ತುದಿ ಬಂದಾಗ ಮಾತ್ರ ದಿಕ್ಕು ಬದಲಿಸುತ್ತದೆ. ಹಸಿದ ಡ್ರೈವ್ ಓಡುತ್ತದೆ, ತಟ್ಟನೆ ಇಳಿಯುತ್ತದೆ, ಹಿಂದೆ ಸುತ್ತುತ್ತದೆ, ಮತ್ತೆ ಏರುತ್ತದೆ. ಒಂದು ನಿಮಿಷ ಕೇಳಿದರೆ ಗೊತ್ತಾಗುತ್ತದೆ.

ಈಗ ನಿಮ್ಮ ಕಂಪ್ರೆಷನ್ ಪ್ರಯೋಗಕ್ಕೆ ಬರೋಣ. ಆರ್‌ಮ್ಯಾನ್‌ನ ಒಂದು ಚಾನೆಲ್ ಅಂದರೆ ಸರ್ವರ್‌ನಲ್ಲಿ ಒಂದು ಪ್ರೊಸೆಸ್. ಒಂದು ಪ್ರೊಸೆಸ್ ಒಂದು ಕೋರ್ ಬಳಸುತ್ತದೆ. ನಿಮಗೆ ಎರಡು ಚಾನೆಲ್, ಹಾಗಾಗಿ 9 ಟಿಬಿಯನ್ನೂ ಕುಗ್ಗಿಸಿದ್ದು ಎರಡೇ ಕೋರ್. ಆ ರಾತ್ರಿ ಟಾಪ್ ಕಮಾಂಡ್ ತೆಗೆದು ನೋಡಿದ್ದರೆ ಎರಡು ಒರಾಕಲ್ ಪ್ರೊಸೆಸ್ 99, 100 ಪರ್ಸೆಂಟ್‌ನಲ್ಲಿ ಗಟ್ಟಿಯಾಗಿ ಕೂತಿರೋದು ಕಾಣುತ್ತಿತ್ತು. ಉಳಿದ ಕೋರ್‌ಗಳು ಖಾಲಿ. ಒಟ್ಟು ಗ್ರಾಫ್ ಎಲ್ಲದರ ಸರಾಸರಿ ತೋರಿಸುತ್ತದೆ, ಅದಕ್ಕೇ 15 ಪರ್ಸೆಂಟ್. 19 ಗಂಟೆ ಅಂದರೆ ಒಂದು ಚಾನೆಲ್ ಸೆಕೆಂಡಿಗೆ 66 ಎಂಬಿ ಓದುತ್ತಿತ್ತು. ಅದು ಎರಡೂವರೆ ಪಟ್ಟು ಕುಗ್ಗಿದೆ ಅಂದುಕೊಳ್ಳಿ, ಡ್ರೈವ್‌ಗೆ ಸಿಕ್ಕಿದ್ದು ಬರೀ 26. ಪಾಪ, ಡ್ರೈವ್ ಬರೆದದ್ದಕ್ಕಿಂತ ಹಿಂದೆ ಮುಂದೆ ಸುತ್ತಿದ್ದೇ ಜಾಸ್ತಿ ಇರಬೇಕು.

ಇದರಿಂದ ಕಂಪ್ರೆಷನ್ ಕೆಟ್ಟದ್ದು ಅಂತ ತೀರ್ಮಾನ ಮಾಡಬೇಡಿ. ಸಾಫ್ಟ್‌ವೇರ್ ಕಂಪ್ರೆಷನ್ ಕೆಲಸಕ್ಕೆ ಬರೋದು ನೆಟ್‌ವರ್ಕ್ ಇಕ್ಕಟ್ಟಾಗಿದ್ದು ಸಿಪಿಯು ಬೇಕಾದಷ್ಟು ಇದ್ದಾಗ, ಅದೂ ಚಾನೆಲ್ ಸಂಖ್ಯೆ ಹೆಚ್ಚಿಸಿ ಡಿಸ್ಕಿಗೆ ಬರೆಯುವಾಗ. ನೇರ ಟೇಪಿಗೆ ಬರೆಯುವಾಗ ಕುಗ್ಗಿಸುವ ಕೆಲಸ ಡ್ರೈವ್‌ಗೇ ಬಿಡಿ. ಡ್ರೈವ್‌ನ ಚಿಪ್ ಪೂರ್ತಿ ವೇಗದಲ್ಲೇ ಅದನ್ನು ಮಾಡುತ್ತದೆ. ಎರಡು ಕಡೆ ಮಾಡುವುದರಿಂದ ಲಾಭ ಇಲ್ಲ, ಒಮ್ಮೆ ಕುಗ್ಗಿದ ಡೇಟಾ ಮತ್ತೆ ಕುಗ್ಗಲ್ಲ. ಇನ್ನೊಂದು ವಿಷಯ: ಒರಾಕಲ್‌ನಲ್ಲಿ ಬೇಸಿಕ್ ಕಂಪ್ರೆಷನ್ ಮಾತ್ರ ಹಾಗೇ ಸಿಗುತ್ತದೆ. ಲೋ, ಮೀಡಿಯಂ, ಹೈ ಅನ್ನೋದಕ್ಕೆ ಅಡ್ವಾನ್ಸ್ಡ್ ಕಂಪ್ರೆಷನ್ ಲೈಸೆನ್ಸ್ ಬೇಕು. ಸೆಟ್ಟಿಂಗ್ ಬದಲಿಸಿದರೆ ಓಡುತ್ತದೆ, ಯಾರೂ ತಡೆಯಲ್ಲ, ಆಡಿಟ್‌ನಲ್ಲಿ ಸಿಕ್ಕಿಬೀಳುತ್ತೀರಿ.

ನಿಮ್ಮ ಡೇಟಾಬೇಸ್‌ನಲ್ಲಿ ಟಿಡಿಇ ಎನ್‌ಕ್ರಿಪ್ಷನ್ (ಡೇಟಾ ಡಿಸ್ಕಿನಲ್ಲೇ ಗೂಢಲಿಪಿಯಾಗಿ ಇರುವುದು) ಇದೆಯಾ ಅಂತ ನೀವು ಬರೆದಿಲ್ಲ. ಇದ್ದರೆ ಡ್ರೈವ್‌ಗೆ ಬರುವುದು ಎನ್‌ಕ್ರಿಪ್ಟ್ ಆದ ಡೇಟಾ, ಅದು ಕುಗ್ಗುವುದೇ ಇಲ್ಲ. ಟೇಪ್ ಡಬ್ಬದ ಮೇಲೆ ಬರೆದ 30 ಟಿಬಿ ಮರೆತುಬಿಡಿ, 12 ಟಿಬಿಯೇ ಲೆಕ್ಕಕ್ಕೆ ತಗೊಳ್ಳಿ. ಟೇಪಿಗಾಗಿ ಮಾತ್ರ ಎನ್‌ಕ್ರಿಪ್ಷನ್ ಬೇಕಿದ್ದರೆ ಡ್ರೈವ್‌ನಲ್ಲೇ ಮಾಡಿಸಿ. ಎಲ್‌ಟಿಓ-4ರಿಂದ ಈಚೆಗೆ 256 ಬಿಟ್ ಎಇಎಸ್ ಡ್ರೈವ್‌ನೊಳಗೇ ಇದೆ, ಅದು ಮೊದಲು ಕುಗ್ಗಿಸಿ ಆಮೇಲೆ ಎನ್‌ಕ್ರಿಪ್ಟ್ ಮಾಡುತ್ತದೆ, ವೇಗ ಹೆಚ್ಚುಕಡಿಮೆ ಬದಲಾಗಲ್ಲ. ಆದರೆ ಕೀಗಳನ್ನು ಅದೇ ಡೇಟಾಬೇಸ್ ಸರ್ವರ್ ಒಳಗೆ ಇಟ್ಟು ಮರೆಯಬೇಡಿ. ಆ ಸರ್ವರ್ ಹೋದ ದಿನ ಟೇಪ್ ಕೈಯಲ್ಲಿದ್ದೂ ಓದಲಾಗದ ಸ್ಥಿತಿ ಬರುತ್ತದೆ.

ಹಾಗಾದರೆ ಡ್ರೈವ್‌ಗೆ ಡೇಟಾ ಯಾಕೆ ಸಾಲುತ್ತಿಲ್ಲ? ದಾರಿಯಲ್ಲಿ ಮೂರು ಹಂತ ಇವೆ: ಡೇಟಾಬೇಸ್ ಡಿಸ್ಕಿನಿಂದ ಓದುವುದು, ಮೀಡಿಯಾ ಸರ್ವರ್‌ವರೆಗೆ ಸಾಗಿಸುವುದು, ಟೇಪಿಗೆ ಬರೆಯುವುದು. ಮೂರನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಒಟ್ಟಿಗೆ ಅಳೆದರೆ ಉತ್ತರ ಬರೀ 13 ಗಂಟೆ ಅಂತ ಬರುತ್ತದೆ, ತಪ್ಪು ಯಾವ ಹಂತದಲ್ಲಿ ಅಂತ ತಿಳಿಯಲ್ಲ.

ಓದುವ ವೇಗಕ್ಕೆ ಆರ್‌ಮ್ಯಾನ್‌ನಲ್ಲೇ ಉಪಾಯ ಇದೆ. ಡಿಸ್ಕ್ ಚಾನೆಲ್ ಎರಡು ತೆರೆದು ‘ಬ್ಯಾಕಪ್ ವ್ಯಾಲಿಡೇಟ್ ಡೇಟಾಬೇಸ್’ ಓಡಿಸಿ. ಅದು ಎಲ್ಲ ಬ್ಲಾಕ್ ಓದುತ್ತದೆ, ಎಲ್ಲೂ ಬರೆಯಲ್ಲ. ಪೂರ್ತಿ ಡೇಟಾಬೇಸ್ ಬೇಡ, ಒಂದೆರಡು ದೊಡ್ಡ ಟೇಬಲ್‌ಸ್ಪೇಸ್ (ಡೇಟಾಫೈಲ್‌ಗಳ ಗುಂಪು) ಸಾಕು. ಬರೆಯದೆಯೂ ಅದು ಸೆಕೆಂಡಿಗೆ 200 ಎಂಬಿ ಸುತ್ತಮುತ್ತಲೇ ನಿಂತರೆ ತೊಂದರೆ ನಿಮ್ಮ ಡಿಸ್ಕ್ ಅರೇ (ಡಿಸ್ಕ್‌ಗಳ ಪೆಟ್ಟಿಗೆ) ಹತ್ತಿರ ಇದೆ, ಟೇಪ್ ಕಡೆ ತಿರುಗಿಯೂ ನೋಡಬೇಡಿ. ಎಸ್‌ಕ್ಯೂಎಲ್ ಸರ್ವರ್ ಬಳಸುವವರು ಇದನ್ನು ಓದುತ್ತಿದ್ದರೆ, ಅಲ್ಲಿ ಡಿಸ್ಕ್ ಹೆಸರಿನ ಜಾಗದಲ್ಲಿ ‘ನಲ್’ ಕೊಟ್ಟು ಬ್ಯಾಕಪ್ ಮಾಡಿದರೆ ಇದೇ ಪರೀಕ್ಷೆ ಆಗುತ್ತದೆ. ‘ಕಾಪಿ ಓನ್ಲಿ’ ಸೇರಿಸೋದು ಮರೀಬೇಡಿ, ಇಲ್ಲದಿದ್ದರೆ ಮುಂದಿನ ಡಿಫರೆನ್ಷಿಯಲ್ ಬ್ಯಾಕಪ್ ಈ ಇಲ್ಲದ ಬ್ಯಾಕಪ್ಪನ್ನೇ ಆಧಾರ ಅಂದುಕೊಳ್ಳುತ್ತದೆ. ಲಾಗ್ ಬ್ಯಾಕಪ್ಪನ್ನಂತೂ ನಲ್‌ಗೆ ಕಳಿಸಲೇಬೇಡಿ, ಲಾಗ್ ಸರಪಳಿಯೇ ಮುರಿಯುತ್ತದೆ.

ಸಾಗಣೆ ಬಗ್ಗೆ ನೀವು ಏನೂ ಬರೆದಿಲ್ಲ. ನನಗೆ ಅನುಮಾನ ಅಲ್ಲೇ. 1 ಗಿಗಾಬಿಟ್ ನೆಟ್‌ವರ್ಕ್ ತಂತಿಯೊಂದರಲ್ಲಿ ನಿಜವಾಗಿ ಸಾಗುವುದು ಸೆಕೆಂಡಿಗೆ 110ರಿಂದ 118 ಎಂಬಿ. ಡ್ರೈವ್‌ಗೆ 96 ಅನ್ನೋ ಅಂಕಿ ನೋಡಿದ ಕೂಡಲೇ ಎರಡು 1 ಗಿಗಾಬಿಟ್ ಲಿಂಕ್ ಬಾಂಡ್ ಮಾಡಿರಬೇಕು, ಅಂದರೆ ಒಂದಾಗಿ ಜೋಡಿಸಿರಬೇಕು ಅನ್ನಿಸುತ್ತದೆ. ಇದು ನಿಜವಾದರೆ ಇನ್ನೊಂದು ಅಪಾಯವೂ ಇದೆ. ಬಾಂಡ್ ಮಾಡಿದ ಲಿಂಕ್‌ನಲ್ಲಿ ಒಂದು ಟಿಸಿಪಿ ಸಂಪರ್ಕ ಸಾಮಾನ್ಯವಾಗಿ ಒಂದೇ ತಂತಿಯಲ್ಲಿ ಹೋಗುತ್ತದೆ. ಕೆಲವು ರಾತ್ರಿ ಎರಡೂ ಚಾನೆಲ್ ಒಂದೇ ತಂತಿಗೆ ಬಿದ್ದರೆ ಬ್ಯಾಕಪ್ ಇನ್ನೂ ನಿಧಾನ. ‘ಒಂದೊಂದು ದಿನ ಮಾತ್ರ ಯಾಕೋ ಜಾಸ್ತಿ ಹೊತ್ತು ಹಿಡಿಯುತ್ತೆ’ ಅನ್ನೋ ಕಡೆಗಳಲ್ಲಿ ಎಷ್ಟೋ ಸಲ ಕಾರಣ ಇದೇ ಆಗಿರುತ್ತದೆ. ಐಪರ್ಫ್ (ನೆಟ್‌ವರ್ಕ್ ವೇಗ ಅಳೆಯುವ ಟೂಲ್) ಹಾಕಿ ಎರಡೂ ಸರ್ವರ್ ನಡುವೆ ಅಳೆಯಿರಿ. ಬ್ಯಾಕಪ್ ನಡೆಯುವ ಹೊತ್ತಿನಲ್ಲೇ ಆ ದಾರಿಯಲ್ಲಿ ಬೇರೆ ಏನು ಓಡುತ್ತಿದೆ ಅಂತಲೂ ನೋಡಿ.

ಟೇಪಿನ ಅಳತೆಯಲ್ಲಿ ಹುಷಾರು. ಖಾಲಿ ಟೇಪ್ ಹಾಕಿಕೊಳ್ಳಿ, ಬಾರ್‌ಕೋಡ್ ಎರಡು ಸಲ ಓದಿ. ಪರೀಕ್ಷೆ ಮಾಡಲು ಹೋಗಿ ಒಳ್ಳೆಯ ಬ್ಯಾಕಪ್ ಮೇಲೆ ಬರೆದುಬಿಟ್ಟರೆ ವಾಪಸ್ ಬರಲ್ಲ. ಮೀಡಿಯಾ ಸರ್ವರ್‌ನಿಂದ ನೇರವಾಗಿ ಬರೆಯಿರಿ. ಆದರೆ ಬರೀ ಸೊನ್ನೆಗಳನ್ನು ಬರೆದು ನೋಡಬೇಡಿ. ಸೊನ್ನೆಗಳನ್ನು ಡ್ರೈವ್ ಕುಗ್ಗಿಸಿ ಏನೂ ಇಲ್ಲದಂತೆ ಮಾಡುತ್ತದೆ, ಸಿಗುವ ವೇಗ ಸುಳ್ಳು. ರ‍್ಯಾಂಡಮ್ ಡೇಟಾದ ದೊಡ್ಡ ಫೈಲ್ ಒಂದನ್ನು ಮೊದಲೇ ಎಸ್‌ಎಸ್‌ಡಿಯಲ್ಲೋ ಮೆಮೊರಿಯಲ್ಲೋ ತಯಾರಿಸಿ ಇಟ್ಟುಕೊಂಡು ಅದನ್ನು ಬರೆಯಿರಿ. ಬರೆಯುತ್ತಾ ಬರೆಯುತ್ತಾ ರ‍್ಯಾಂಡಮ್ ಹುಟ್ಟಿಸಲು ಹೋದರೆ ಅದೇ ನಿಧಾನ ಆಗಿಬಿಡುತ್ತದೆ. 300ರ ಮೇಲೆ ಬಂದರೆ ಡ್ರೈವ್ ಆರೋಗ್ಯವಾಗಿದೆ. ತೀರಾ ಕಡಿಮೆ ಬಂದರೆ ಡ್ರೈವ್‌ನ ಎರರ್ ಕೌಂಟರ್, ಟೇಪ್‌ಅಲರ್ಟ್ ಸಂದೇಶ (ಡ್ರೈವ್ ತಾನೇ ಕೊಡುವ ಎಚ್ಚರಿಕೆ), ಕ್ಲೀನಿಂಗ್ ಟೇಪ್ ಯಾವಾಗ ಹಾಕಿದ್ದು ಎಲ್ಲ ನೋಡಿ. ಹಾಳಾದ ಟೇಪಿನ ಮೇಲೆ ಡ್ರೈವ್ ಬರೆದದ್ದನ್ನೇ ಮತ್ತೆ ಮತ್ತೆ ಬರೆಯುತ್ತದೆ, ಹೊರಗಿನಿಂದ ನೋಡುವವರಿಗೆ ಬರೀ ನಿಧಾನ ಅಂತ ಕಾಣುತ್ತದೆ.

ಒರಾಕಲ್ ಒಳಗಿನ ಸಾಕ್ಷಿಯೂ ಇದೆ. ‘ವಿ$ಬ್ಯಾಕಪ್_ಅಸಿಂಕ್_ಐಓ’ ಅನ್ನೋ ವ್ಯೂನಲ್ಲಿ ಪ್ರತಿ ಫೈಲಿಗೂ ‘ಲಾಂಗ್ ವೇಟ್ಸ್’ ಮತ್ತು ‘ಐಓ ಕೌಂಟ್’ ಇರುತ್ತವೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಯಾವ ಫೈಲಿಗೆ ಆ ಅನುಪಾತ ಜಾಸ್ತಿಯೋ ಅಲ್ಲಿ ಓದು ಕಾಯುತ್ತಿದೆ. ಟೇಪ್ ಸಾಲುಗಳು ಇಲ್ಲಿ ಕಾಣದಿದ್ದರೆ ‘ಸಿಂಕ್’ ಹೆಸರಿನ ವ್ಯೂನಲ್ಲಿ ನೋಡಿ. ಅಲ್ಲಿ ಕಂಡರೆ ಟೇಪಿಗೆ ಬರೆಯುವಾಗ ಚಾನೆಲ್ ಬೇರೆ ಕೆಲಸ ಬಿಟ್ಟು ಕಾದು ಕೂರುತ್ತಿದೆ ಅಂತ ಅರ್ಥ. ‘ಬ್ಯಾಕಪ್_ಟೇಪ್_ಐಓ_ಸ್ಲೇವ್ಸ್’ ಟ್ರೂ ಮಾಡಿ, ಲಾರ್ಜ್ ಪೂಲ್‌ಗೆ (ಒರಾಕಲ್ ಮೆಮೊರಿಯ ಒಂದು ಭಾಗ) ಸಾಕಷ್ಟು ಮೆಮೊರಿ ಕೊಟ್ಟರೆ ಓದುವುದೂ ಬರೆಯುವುದೂ ಒಟ್ಟೊಟ್ಟಿಗೆ ಸಾಗುತ್ತವೆ.

ಇನ್ನು ಎಂಟು ಚಾನೆಲ್ ಸಲಹೆ. ಎರಡು ಡ್ರೈವ್‌ಗೆ ಎಂಟು ಚಾನೆಲ್ ಕೊಟ್ಟರೆ ಒಂದೋ ಆರು ಚಾನೆಲ್ ಡ್ರೈವ್‌ಗಾಗಿ ಕಾದು ಕೂರುತ್ತವೆ, ಇಲ್ಲವೇ ಬ್ಯಾಕಪ್ ಸಾಫ್ಟ್‌ವೇರ್ ನಾಲ್ಕು ನಾಲ್ಕನ್ನು ಹೆಣೆದು ಒಂದೊಂದು ಟೇಪಿಗೆ ಬರೆಯುತ್ತದೆ. ಎರಡನೆಯದು ಡ್ರೈವ್‌ನ ಹಸಿವು ತಗ್ಗಿಸುತ್ತದೆ ಅನ್ನೋದು ನಿಜ. ಆದರೆ ಬೆಲೆ ಕಟ್ಟುವುದು ರಿಸ್ಟೋರ್ ದಿನ. ನಾಲ್ಕು ಹರಿವುಗಳು ಚೂರು ಚೂರಾಗಿ ಬೆರೆತ ಟೇಪಿನಿಂದ ಒಂದನ್ನು ಮಾತ್ರ ಹೊರತೆಗೆಯಲು ಉಳಿದ ಮೂರನ್ನೂ ದಾಟಿ ಹೋಗಬೇಕು. ಆರ್‌ಮ್ಯಾನ್ ತಾನೇ ಕೂಡ ಫೈಲ್‌ಗಳನ್ನು ಹೆಣೆಯುತ್ತದೆ. ಅದರ ‘ಫೈಲ್ಸ್‌ಪರ್‌ಸೆಟ್’ (ಒಂದು ಬ್ಯಾಕಪ್ ಕಟ್ಟಿಗೆ ಎಷ್ಟು ಫೈಲ್) ಡೀಫಾಲ್ಟ್ 64, ‘ಮ್ಯಾಕ್ಸ್‌ಓಪನ್‌ಫೈಲ್ಸ್’ (ಒಂದೇ ಸಲ ಎಷ್ಟು ತೆರೆದು ಓದುವುದು) 8. ಅದರ ಮೇಲೆ ಸಾಫ್ಟ್‌ವೇರ್‌ನ ಹೆಣಿಗೆಯೂ ಸೇರಿದರೆ ಒಂದು ಡೇಟಾಫೈಲ್ ವಾಪಸ್ ತರುವುದು ದೊಡ್ಡ ಶಿಕ್ಷೆ ಆಗುತ್ತದೆ. ನನ್ನ ಸಲಹೆ: ಡ್ರೈವ್‌ಗೆ ಒಂದೇ ಚಾನೆಲ್ ಇರಲಿ, ಸಾಫ್ಟ್‌ವೇರ್‌ನ ಮಲ್ಟಿಪ್ಲೆಕ್ಸಿಂಗ್ (ಆ ಹೆಣಿಗೆ) ಈ ಡೇಟಾಬೇಸ್ ಮಟ್ಟಿಗೆ ಆಫ್ ಮಾಡಿ, ಫೈಲ್ಸ್‌ಪರ್‌ಸೆಟ್ ನಾಲ್ಕೋ ಎಂಟೋ ಮಾಡಿ.

ಕೊನೆಯ ಗಂಟೆಗಳ ಲಾಗನ್ನೂ ಒಮ್ಮೆ ಓದಿ. ನಿಮ್ಮಲ್ಲಿ ಬಿಗ್‌ಫೈಲ್ ಟೇಬಲ್‌ಸ್ಪೇಸ್ ಇದ್ದು ಒಂದೇ ಫೈಲ್ 3 ಟಿಬಿ ಇದ್ದರೆ, ಒಂದು ಡ್ರೈವ್ ಬೇಗ ಮುಗಿಸಿ ಖಾಲಿ ಕೂತಿರುತ್ತದೆ, ಇನ್ನೊಂದು ಆ ಫೈಲ್ ಹಿಡಿದು ಒದ್ದಾಡುತ್ತಿರುತ್ತದೆ. ಒರಾಕಲ್ 11ಜಿಯಿಂದ ಈಚೆಗೆ ‘ಸೆಕ್ಷನ್ ಸೈಜ್’ ಕೊಟ್ಟು ದೊಡ್ಡ ಫೈಲನ್ನು ತುಂಡು ಮಾಡಿ ಚಾನೆಲ್‌ಗಳಿಗೆ ಹಂಚಬಹುದು. ಒಂದು ಸಾಲಿನ ಬದಲಾವಣೆ. ಇಷ್ಟರಿಂದಲೇ ಗಂಟೆಗಟ್ಟಲೆ ಉಳಿದದ್ದನ್ನು ನೋಡಿದ್ದೇನೆ.

ಟೇಪಿನ ಬ್ಲಾಕ್ ಸೈಜ್ 64 ಕೆಬಿ ಇದ್ದರೆ 256 ಕೆಬಿಗೆ ಏರಿಸಿ. ಆದರೆ ಬದಲಿ ಸೈಟಿನ ಸರ್ವರ್ ಆ ಸೈಜ್ ಓದಬಲ್ಲದಾ ಅಂತ ಮೊದಲೇ ನೋಡಿಕೊಳ್ಳಿ. ಅಲ್ಲಿನ ಕಾರ್ಡಿಗೋ ಡ್ರೈವರ್‌ಗೋ ಮಿತಿ ಕಡಿಮೆ ಇದ್ದರೆ ಟೇಪ್ ಅಲ್ಲಿ ಓದಲ್ಲ.

ನೆಟ್‌ವರ್ಕೇ ಅಡ್ಡಿ ಅಂತ ಗೊತ್ತಾದರೆ ದಾರಿ ಎರಡು. ಬ್ಯಾಕಪ್‌ಗೆ ಅಂತಲೇ ಬೇರೆ 10 ಗಿಗಾಬಿಟ್ ನೆಟ್‌ವರ್ಕ್ ಹಾಕುವುದು ಸರಳ, ಸೆಕೆಂಡಿಗೆ 1,000 ಎಂಬಿ ಮೀರಿ ಸಾಗುತ್ತದೆ, ಕೆಟ್ಟರೆ ಸರಿ ಮಾಡುವುದೂ ಸುಲಭ. ಇನ್ನೊಂದು, ಡೇಟಾಬೇಸ್ ಸರ್ವರ್‌ನಿಂದಲೇ ಫೈಬರ್ ಚಾನೆಲ್ (ಸ್ಟೋರೇಜ್‌ಗೇ ಮೀಸಲಾದ ನೆಟ್‌ವರ್ಕ್) ಮೂಲಕ ನೇರ ಡ್ರೈವ್‌ಗೆ ಬರೆಯುವುದು. ಅದು ವೇಗ. ಆದರೆ ಡ್ರೈವ್ ಹಂಚಿಕೊಳ್ಳುವ ಸರ್ವರ್‌ಗಳಲ್ಲಿ ಒಂದು ರೀಬೂಟ್ ಆದಾಗ ಇನ್ನೊಂದರ ಬ್ಯಾಕಪ್ ಅರ್ಧಕ್ಕೆ ಬೀಳುವ ಗೋಳು ಇರುತ್ತದೆ. ಝೋನಿಂಗ್ (ಯಾವ ಸರ್ವರ್‌ಗೆ ಯಾವ ಡ್ರೈವ್ ಕಾಣಬೇಕು ಅನ್ನೋ ಏರ್ಪಾಡು) ಬಿಗಿಯಾಗಿರಬೇಕು, ಟೇಪಿಗೆ ಡಿಸ್ಕ್ ಕಾರ್ಡ್ ಬಿಟ್ಟು ಬೇರೆಯೇ ಕಾರ್ಡ್ ಬೇಕು. ನೋಡಿಕೊಳ್ಳುವ ಸ್ಟೋರೇಜ್ ಜನ ನಿಮ್ಮಲ್ಲಿ ಇಲ್ಲದಿದ್ದರೆ 10 ಗಿಗಾಬಿಟ್ ಸಾಕು.

ಈವರೆಗೆ ಹೇಳಿದ್ದು 9 ಟಿಬಿಯನ್ನು ಬೇಗ ಸಾಗಿಸುವ ಬಗ್ಗೆ. ಬೆಳೆಯುವ ಡೇಟಾಬೇಸ್‌ಗೆ ನಿಜವಾದ ಉತ್ತರ ದಿನಾ 9 ಟಿಬಿ ಸಾಗಿಸದೇ ಇರುವುದು. ನಿನ್ನೆಯಿಂದ ಇವತ್ತಿಗೆ ನಿಮ್ಮ ಡೇಟಾಬೇಸ್‌ನಲ್ಲಿ ಬದಲಾದದ್ದು ಎಷ್ಟು? ಹೆಚ್ಚಿನ ಕಡೆ ಅದು ಸಣ್ಣ ಪಾಲು. ವಾರಕ್ಕೊಮ್ಮೆ, ರಜೆಯ ಹಿಂದಿನ ರಾತ್ರಿ, ಲೆವೆಲ್ 0 ಫುಲ್ ತೆಗೆಯಿರಿ. ಉಳಿದ ದಿನ ಲೆವೆಲ್ 1 ಇನ್‌ಕ್ರಿಮೆಂಟಲ್, ಅಂದರೆ ಬದಲಾದ ಬ್ಲಾಕ್‌ಗಳು ಮಾತ್ರ.

ಇಲ್ಲಿ ಒಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಬ್ಲಾಕ್ ಚೇಂಜ್ ಟ್ರ್ಯಾಕಿಂಗ್ (ಬದಲಾದ ಬ್ಲಾಕ್‌ಗಳ ಗುರುತು ಇಡುವ ಸೌಲಭ್ಯ) ಆನ್ ಮಾಡದೆ ಇನ್‌ಕ್ರಿಮೆಂಟಲ್ ಓಡಿಸಿದರೆ, ಯಾವ ಬ್ಲಾಕ್ ಬದಲಾಗಿದೆ ಅಂತ ತಿಳಿಯಲು ಆರ್‌ಮ್ಯಾನ್ 9 ಟಿಬಿ ಪೂರ್ತಿ ಓದುತ್ತದೆ. ಬರೆಯುವುದು ಸ್ವಲ್ಪವೇ. ಓದುವ ಹೊತ್ತು ಉಳಿಯಲ್ಲ, ಜೊತೆಗೆ ಟೇಪಿಗೆ ಹನಿ ಹನಿಯಾಗಿ ಡೇಟಾ ಬೀಳುತ್ತದೆ, ಶೂ-ಶೈನಿಂಗ್ ವಿಪರೀತ ಆಗುತ್ತದೆ. ಆಮೇಲೆ ‘ಇನ್‌ಕ್ರಿಮೆಂಟಲ್ ಮಾಡಿ ನೋಡಿದ್ವಿ, ಪ್ರಯೋಜನ ಆಗಲಿಲ್ಲ’ ಅಂತ ಬಿಟ್ಟುಬಿಡುತ್ತಾರೆ. ಟ್ರ್ಯಾಕಿಂಗ್ 10ಜಿಯಿಂದಲೇ ಇದೆ, ಎಂಟರ್‌ಪ್ರೈಸ್ ಎಡಿಷನ್ ಬೇಕು. ಅದರ ಫೈಲ್ ತೀರಾ ಚಿಕ್ಕದು. ಆನ್ ಮಾಡಿದ ಮೇಲೆ ಒಂದು ಹೊಸ ಲೆವೆಲ್ 0 ತೆಗೆದರೆ ಮಾತ್ರ ಲಾಭ ಶುರು. ಅದು ಎಂಟು ಬಾರಿಯ ಬದಲಾವಣೆ ನಕ್ಷೆಯನ್ನಷ್ಟೇ ನೆನಪಿಡುತ್ತದೆ, ಹಾಗಾಗಿ ವಾರದ ಸುತ್ತು ಸರಿಯಾಗಿ ಹೊಂದುತ್ತದೆ. ತಿಂಗಳಿಗೊಮ್ಮೆ ಲೆವೆಲ್ 0 ಇಟ್ಟು ದಿನಾ ಕ್ಯುಮುಲೇಟಿವ್ (ಕಳೆದ ಲೆವೆಲ್ 0ರಿಂದ ಬದಲಾದದ್ದೆಲ್ಲ) ತೆಗೆಯುತ್ತೇನೆ ಅಂದರೆ ಎರಡನೇ ವಾರದಲ್ಲಿ ಮತ್ತೆ ಪೂರ್ತಿ ಓದು ಶುರುವಾಗುತ್ತದೆ.

ಇನ್‌ಕ್ರಿಮೆಂಟಲ್‌ನ ಅಪಾಯ ಏನು? ರಿಸ್ಟೋರ್‌ಗೆ ವಾರದ ಫುಲ್ ಟೇಪ್ ಜೊತೆ ಉಳಿದ ದಿನಗಳ ಟೇಪೂ ಬೇಕು. ಒಂದು ಹೋದರೆ ಅಲ್ಲಿಂದ ಮುಂದೆ ಆರ್ಕೈವ್ ಲಾಗನ್ನೇ (ಪ್ರತಿ ಬದಲಾವಣೆಯ ದಾಖಲೆ) ನಂಬಬೇಕು. ಕ್ಯುಮುಲೇಟಿವ್ ಆದರೆ ಸ್ವಲ್ಪ ದೊಡ್ಡದು, ಆದರೆ ವಾರದ ಫುಲ್ ಮತ್ತು ಕೊನೆಯದು ಎರಡೇ ಸಾಕು. ನಿಮ್ಮಂಥ ಗಾತ್ರಕ್ಕೆ ನಾನು ಕ್ಯುಮುಲೇಟಿವ್ ಕಡೆಗೇ ವಾಲುತ್ತೇನೆ.

ಈ ಸಣ್ಣ ಬ್ಯಾಕಪ್‌ಗಳನ್ನು ನೇರ ಟೇಪಿಗೆ ಕಳಿಸಬೇಡಿ. ನಡುವೆ ಡಿಸ್ಕ್ ಇಡಿ. ರಾತ್ರಿ ಡಿಸ್ಕಿಗೆ, ಬೆಳಿಗ್ಗೆ ಆರ್‌ಮ್ಯಾನ್‌ನ ‘ಬ್ಯಾಕಪ್ ಬ್ಯಾಕಪ್‌ಸೆಟ್’ ಹಾಕಿ ಡಿಸ್ಕಿನಿಂದ ಟೇಪಿಗೆ. ಆರ್ಕೈವ್ ಲಾಗ್‌ಗಳೂ ಗಂಟೆಗೊಮ್ಮೆ ಡಿಸ್ಕಿಗೆ ಹೋಗಲಿ, ಟೇಪಿಗೆ ದಿನಕ್ಕೆ ಒಂದೆರಡು ಸಲ ಒಟ್ಟಾಗಿ. 9 ಟಿಬಿ ಲೆವೆಲ್ 0 ಹಿಡಿಯುವಷ್ಟು ಡಿಸ್ಕ್ ಇಲ್ಲದಿದ್ದರೆ ಪರವಾಗಿಲ್ಲ, ಅದೊಂದು ನೇರ ಟೇಪಿಗೆ ಹೋಗಲಿ. ಈ ಡಿಸ್ಕ್ ಡೇಟಾಬೇಸ್ ಇರುವ ಅರೇಯಲ್ಲೇ ಇರಬಾರದು, ಒಂದು ಅರೇ ಹೋದರೆ ಎರಡೂ ಹೋಗುತ್ತವೆ. ಟೇಪಿಗೆ ಕಾಪಿ ಆಗುವಾಗ ಅದು ಒಂದೇ ಸಮನೆ 360 ಎಂಬಿ ಓದಿ ಕೊಡಬಲ್ಲದಾಗಿರಬೇಕು. ಡಿಡುಪ್ಲಿಕೇಷನ್ (ಒಂದೇ ಥರದ ಚೂರುಗಳನ್ನು ಒಮ್ಮೆ ಮಾತ್ರ ಇಡುವುದು) ಮಾಡುವ ಪೆಟ್ಟಿಗೆ ಇಡುವವರು ಇಲ್ಲಿ ಎಡವುತ್ತಾರೆ. ಚೂರುಗಳನ್ನು ಹುಡುಕಿ ಜೋಡಿಸಿ ಕೊಡುವಷ್ಟರಲ್ಲಿ ಟೇಪ್ ಮತ್ತೆ ಹಸಿದಿರುತ್ತದೆ.

ಹಳೆಯ ಡೇಟಾ ಬಗ್ಗೆಯೂ ಯೋಚಿಸಿ. ಎರಡು ವರ್ಷದಲ್ಲಿ 5 ಟಿಬಿ ಸೇರಿದೆ. ಅದರಲ್ಲಿ ಹೋದ ವರ್ಷದ ವಹಿವಾಟನ್ನು ಇನ್ನು ಯಾರಾದರೂ ತಿದ್ದುತ್ತಾರಾ? ಇಲ್ಲ ಅಂದರೆ ವರ್ಷದ ಲೆಕ್ಕದಲ್ಲಿ ಪಾರ್ಟಿಷನ್ ಮಾಡಿ, ಮುಗಿದ ವರ್ಷಗಳ ಟೇಬಲ್‌ಸ್ಪೇಸನ್ನು ರೀಡ್-ಓನ್ಲಿ ಮಾಡಿ. ಒಮ್ಮೆ ಸರಿಯಾಗಿ ಬ್ಯಾಕಪ್ ತೆಗೆದು ಎರಡು ಜಾಗದಲ್ಲಿ ಎರಡು ಪ್ರತಿ ಇಟ್ಟರೆ, ಪ್ರತಿ ವಾರ ಅದನ್ನು ಮತ್ತೆ ಸಾಗಿಸಬೇಕಾಗಿಲ್ಲ. ಅಪಾಯ ಒಂದೇ: ಆ ಟೇಪ್‌ಗಳ ರಿಟೆನ್ಷನ್ (ಉಳಿಸಿಕೊಳ್ಳುವ) ಅವಧಿ ಮುಗಿದು ಸಾಫ್ಟ್‌ವೇರ್ ಅವನ್ನು ಖಾಲಿ ಅಂದುಕೊಂಡು ಮೇಲೆ ಬರೆದುಬಿಡಬಹುದು. ಅವಕ್ಕೆ ಬೇರೆ ಪೂಲ್, ಬೇರೆ ಅವಧಿ ಇಡಿ. ಈ ಕೆಲಸಕ್ಕೆ ಅಪ್ಲಿಕೇಷನ್ ಬರೆಯುವವರ ಒಪ್ಪಿಗೆ ಬೇಕು, ತಿಂಗಳುಗಳೇ ಹಿಡಿಯಬಹುದು. ಆದರೂ ಬೆಳವಣಿಗೆಗೆ ಇಷ್ಟು ಗಟ್ಟಿಯಾದ ಮದ್ದು ಇನ್ನೊಂದಿಲ್ಲ.

ನಿಮ್ಮ ಮ್ಯಾನೇಜರ್ ಮಾತಿಗೆ ಬರುತ್ತೇನೆ. ಟೇಪ್ ಬಿಟ್ಟು ಬರೀ ಡಿಸ್ಕ್ ಇಟ್ಟರೆ ರಾತ್ರಿಯ ಸಮಯದೊಳಗೆ ಬ್ಯಾಕಪ್ ಮುಗಿಸುವುದು ಸುಲಭ ಆಗುತ್ತದೆ, ನಿಜ. ಆದರೆ ನೆಟ್‌ವರ್ಕಿಗೆ ಸದಾ ಅಂಟಿಕೊಂಡಿರುವ ಪ್ರತಿಯನ್ನು ರ‍್ಯಾನ್ಸಮ್‌ವೇರ್ ಅಥವಾ ಒಂದು ಸಾಫ್ಟ್‌ವೇರ್ ದೋಷ ಮುಟ್ಟಬಲ್ಲದು. 2011ರ ಫೆಬ್ರವರಿಯಲ್ಲಿ ಜಿಮೇಲ್‌ನಲ್ಲಿ ಆದದ್ದು ಇದೇ. ಸ್ಟೋರೇಜ್ ಸಾಫ್ಟ್‌ವೇರ್‌ನ ಅಪ್‌ಡೇಟ್ ಒಂದರ ದೋಷದಿಂದ ಬಳಕೆದಾರರಲ್ಲಿ ಸುಮಾರು ಶೇ. 0.02ರಷ್ಟು ಜನರ ಮೇಲ್ ಕಾಣೆಯಾಯಿತು. ಬೇರೆ ಬೇರೆ ಡೇಟಾ ಸೆಂಟರ್‌ಗಳಲ್ಲಿ ಇದ್ದ ಪ್ರತಿಗಳಿಗೂ ಪೆಟ್ಟು ಬಿದ್ದಿತ್ತು. ಕೊನೆಗೆ ಮೇಲ್ ವಾಪಸ್ ಬಂದದ್ದು ಆಫ್‌ಲೈನ್ ಇದ್ದ ಟೇಪಿನಿಂದ. ಡಿಸ್ಕ್ ವೇಗಕ್ಕೆ ಇರಲಿ, ಟೇಪ್ ಕೊನೆಯ ಆಸರೆಯಾಗಿ ಇರಲಿ.

ಮುಂದೊಂದು ದಿನ ಎಲ್‌ಟಿಓ-9 ತಗೊಂಡರೂ ಎರಡು ವಿಷಯ ನೆನಪಿರಲಿ. ಅದು ಎಲ್‌ಟಿಓ-8 ಟೇಪ್ ಓದುತ್ತದೆ, ಎಲ್‌ಟಿಓ-7 ಓದಲ್ಲ. ಹಳೆಯ ಟೇಪ್‌ಗಳಿದ್ದರೆ ಹಳೆಯ ಡ್ರೈವೂ ಉಳಿಸಿಕೊಳ್ಳಬೇಕು. ಹೊಸ ಎಲ್‌ಟಿಓ-9 ಟೇಪನ್ನು ಮೊದಲ ಸಲ ಹಾಕಿದಾಗ ಡ್ರೈವ್ ಅದನ್ನು ತನಗೆ ಹೊಂದಿಸಿಕೊಳ್ಳಲು ಎರಡು ಗಂಟೆಯವರೆಗೂ ಹಿಡಿಯಬಹುದು. ಇದನ್ನು ಬ್ಯಾಕಪ್ ಇಲ್ಲದ ಹೊತ್ತಿನಲ್ಲಿ ಮೊದಲೇ ಮಾಡಿಸಿ ಇಡಬೇಕು.

ನಿಮ್ಮ ಪತ್ರದಲ್ಲಿ ರಿಸ್ಟೋರ್ ಬಗ್ಗೆ ಒಂದು ಮಾತೂ ಇಲ್ಲ. ನನಗೆ ಜಾಸ್ತಿ ಕಳವಳ ಆದದ್ದು ಅದರಿಂದ. ಎಲ್ಲ ಸರಿ ಇದ್ದು ಎರಡು ಡ್ರೈವ್ ಪೂರ್ತಿ ವೇಗದಲ್ಲಿ ಓದಿದರೆ 9 ಟಿಬಿಗೆ ಮೂರೂವರೆ ಗಂಟೆ. ಆ ದಿನ ಒಂದು ಡ್ರೈವ್ ಕೆಟ್ಟಿದ್ದರೆ ಏಳು ಗಂಟೆ. ಅದರ ಮೇಲೆ ಲಾಗ್ ಹಾಕುವ ಹೊತ್ತು. ಇದನ್ನು ನಿಮ್ಮ ಕಂಪನಿ ತಡೆದುಕೊಳ್ಳುತ್ತದಾ ಅಂತ ಮ್ಯಾನೇಜರ್ ಹತ್ತಿರ ಈಗಲೇ ಕೇಳಿ. 2017ರ ಜನವರಿ 31ರಂದು ಕೋಡ್ ಇಡುವ ಸೇವೆ ಗಿಟ್‌ಲ್ಯಾಬ್‌ನಲ್ಲಿ ಮುಖ್ಯ ಡೇಟಾಬೇಸ್ ಅಳಿಸಿಹೋದಾಗ, ದಿನಾ ನಡೆಯುತ್ತಿದೆ ಅಂದುಕೊಂಡಿದ್ದ ಬ್ಯಾಕಪ್ ನಡೆಯುತ್ತಲೇ ಇರಲಿಲ್ಲ. ಪೋಸ್ಟ್‌ಗ್ರೆಸ್ 9.6 ಸರ್ವರ್ ಮೇಲೆ 9.2ರ ಬ್ಯಾಕಪ್ ಟೂಲ್ ಓಡಿ ವಿಫಲವಾಗುತ್ತಿತ್ತು, ಎಚ್ಚರಿಕೆಯ ಮೇಲ್‌ಗಳು ಯಾರಿಗೂ ತಲುಪುತ್ತಿರಲಿಲ್ಲ. ಆರು ಗಂಟೆಗಳಷ್ಟು ಹಳೆಯ ಒಂದು ಸ್ನ್ಯಾಪ್‌ಶಾಟ್ ಅದೃಷ್ಟಕ್ಕೆ ಉಳಿದಿತ್ತು. ಯಾರಾದರೂ ವಾಪಸ್ ತಂದು ನೋಡಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ‘ರಿಸ್ಟೋರ್ ವ್ಯಾಲಿಡೇಟ್’ ತಿಂಗಳಿಗೊಮ್ಮೆ ಓಡಿಸಿ, ಅದು ಟೇಪ್ ಓದಿಸಿ ನೋಡುತ್ತದೆ. ವರ್ಷಕ್ಕೆ ಎರಡು ಸಲವಾದರೂ ಬೇರೆ ಸರ್ವರ್ ಮೇಲೆ ಪೂರ್ತಿ ರಿಸ್ಟೋರ್ ಮಾಡಿ, ಗಡಿಯಾರ ಹಿಡಿದು.

ಈ ವಾರ ಮಾಡಬೇಕಾದದ್ದು ಇಷ್ಟು: ವ್ಯಾಲಿಡೇಟ್‌ನ ಓದುವ ವೇಗ, ಐಪರ್ಫ್‌ನ ಸಾಗಣೆ ವೇಗ, ಖಾಲಿ ಟೇಪಿನ ಬರೆಯುವ ವೇಗ, ಈ ಮೂರನ್ನು ಅಳೆದು ನನಗೆ ಬರೆಯಿರಿ. ಎರಡನೆಯದು ಸೆಕೆಂಡಿಗೆ 235 ಎಂಬಿ ಒಳಗೆ ಬಂದರೆ ನನ್ನ ಅನುಮಾನ ಸರಿ, 10 ಗಿಗಾಬಿಟ್ ಕಾರ್ಡ್‌ಗೆ ಅರ್ಜಿ ಹಾಕಿ. ಓದುವ ವೇಗವೇ ಕಡಿಮೆ ಬಂದರೆ ಡಿಸ್ಕ್ ಅರೇ ವಿವರ ಕಳಿಸಿ, ಅದನ್ನು ಪ್ರತ್ಯೇಕವಾಗಿ ನೋಡೋಣ. ಬ್ಲಾಕ್ ಚೇಂಜ್ ಟ್ರ್ಯಾಕಿಂಗ್ ಆನ್ ಮಾಡಲು ಮಾತ್ರ ಇದ್ಯಾವುದಕ್ಕೂ ಕಾಯಬೇಕಾಗಿಲ್ಲ. ನಿಮ್ಮದು ಎಂಟರ್‌ಪ್ರೈಸ್ ಎಡಿಷನ್ ಆಗಿದ್ದರೆ ಇವತ್ತೇ ಮಾಡಿ.